ಬೆಂಕಿಗೆ ಬರಿಗೈಲಿ ಬರಬಾರದು

ಹೋದ ತಿಂಗಳು ಒಂದು ಬೆಳಗ್ಗೆ ಹಾಲು ತರಲು ಹೋಗಿದ್ದೆ. ಚನ್ನಗಿರಿಯ ನಮ್ಮ ಬೀದಿಯ ತುದಿಯಲ್ಲಿ ಯಾರೋ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡುಗಳನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ಆ ಹೊಗೆಯ ವಾಸನೆ ನಿಮಗೆ ಗೊತ್ತಿರಬಹುದು. ಸ್ವಲ್ಪ ಸಿಹಿ, ಸ್ವಲ್ಪ ಸೀದ ರೊಟ್ಟಿ. ಅದು ಮೂಗಿಗೆ ಬಡಿದದ್ದೇ ತಡ, ಐವತ್ತೊಂಬತ್ತು ವರ್ಷದ ನಾನು ಹಾಲಿನ ಪಾಕೀಟು ಹಿಡಿದುಕೊಂಡು ನಡುಬೀದಿಯಲ್ಲಿ ಒಬ್ಬನೇ ನಗತೊಡಗಿದೆ. ಬೆಂಕಿಯ ಸುತ್ತ ಕೂತವರಲ್ಲಿ ಒಬ್ಬರು, "ಬರ್ರಿ ಮೇಷ್ಟ್ರೆ, ಕುಂದರ್ರಿ" ಎಂದು ಸರಿದು ಜಾಗ ಮಾಡಿದರು. ನಾನು ಕೂರಲಿಲ್ಲ. ನನ್ನ ಕೈಯಲ್ಲಿ ಹಾಲಿತ್ತೇ ಹೊರತು ಒಂದು ಕಡ್ಡಿಯೂ ಇರಲಿಲ್ಲ. ಬರಿಗೈಲಿ ಬೆಂಕಿಯ ಹತ್ತಿರ ಹೋಗಲು ನನಗೆ ಇವತ್ತಿಗೂ ಧೈರ್ಯ ಸಾಲದು.

ಅದು ದೊಡ್ಡವ್ವನ ಕಾನೂನು. ದೊಡ್ಡವ್ವ ನನ್ನ ತಾಯಿಯ ಅಕ್ಕ, ಜಗಳೂರು ಕಡೆಯ ಒಂದು ಹಳ್ಳಿಯವಳು. ಅವಳ ಹಿತ್ತಲಲ್ಲಿ ಗಾರೆ ಕಲಸಿ ಕಲಸಿ ತೂತು ಬಿದ್ದ ಒಂದು ಕಬ್ಬಿಣದ ಬಾಂಡ್ಲಿ ಇತ್ತು. ಮೂರು ಕಲ್ಲಿನ ಮೇಲೆ ಅದನ್ನಿಟ್ಟು ಚಳಿಗಾಲದ ಬೆಳಗ್ಗೆ ಬೆಂಕಿ ಮಾಡುತ್ತಿದ್ದಳು. (ಮೂರು ಕಲ್ಲೋ ನಾಲ್ಕೋ ಎಂದು ನೀವು ಕೇಳಬೇಡಿ. ನಾನೇ ಕೇಳಿಕೊಂಡು ಸುಸ್ತಾಗಿದ್ದೇನೆ.) ಗಾಳಿ ತಿರುಗಿದರೆ ಎರಡು ಹಸಿ ಕೋಲು ತೂರಿಸಿ ಬಾಂಡ್ಲಿಯನ್ನು ಬೆಂಕಿಯ ಸಮೇತ ಎತ್ತಿ ಆ ಕಡೆ ಇಡುತ್ತಿದ್ದಳು. ಬೆಂಕಿ ಕಾಯಿಸಲು ಯಾರು ಬೇಕಾದರೂ ಬರಬಹುದಿತ್ತು. ಆದರೆ ಉರಿಯುವುದು ಏನಾದರೂ ತರಬೇಕು. ಕುರಿಯವರು ಜಾಲಿ ಕಡ್ಡಿ ತರುತ್ತಿದ್ದರು, ಪಕ್ಕದ ಮನೆಯವರು ಶೇಂಗಾ ಹೊಟ್ಟು. ಮನೆಯ ಯಜಮಾನನಾದ ನಮ್ಮ ದೊಡ್ಡಪ್ಪ ಕೂಡ, ಊರಿಗೆಲ್ಲ ಗದರುವ ಮನುಷ್ಯ, ಒಂದು ಬೆಂಡನ್ನು ತೋರಿಸಿಯೇ ಕೂರಬೇಕಿತ್ತು.

ಇನ್ನು ನನ್ನ ಕಥೆ. ಇದನ್ನು ನಾನು ಕಾಲೇಜಿನಲ್ಲಿ ಪ್ರತಿ ವರ್ಷ ಕೊನೆಯ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ, ಆದ್ದರಿಂದ ಸಾಕಷ್ಟು ನಯವಾಗಿದೆ. ಆಗ ನಾನು ಎಂ.ಎ. ಕೊನೆಯ ವರ್ಷದಲ್ಲಿದ್ದೆ, ತತ್ವಶಾಸ್ತ್ರ. ದೊಡ್ಡವ್ವನ ಮಗಳು ಗಿರಿಜಕ್ಕನ ಮದುವೆ ಗೊತ್ತಾಗಿತ್ತು. ಸಹಾಯಕ್ಕೆಂದು ಒಂದು ತಿಂಗಳು ಮುಂಚೆಯೇ ಹೋಗಿದ್ದೆ. ಹೋದ ಮಾರನೆಯ ಬೆಳಗ್ಗೆ, ಇನ್ನೂ ಸರಿಯಾಗಿ ಬೆಳಕಾಗಿಲ್ಲ, ಬೆಂಕಿಯ ಮುಂದೆ ನಾನು ಮತ್ತು ದೊಡ್ಡವ್ವ ಇಬ್ಬರೇ. ನಾನು ಅಂಗೈ ಚಾಚಿಕೊಂಡು, ಬಿಸಿ ಎನ್ನುವುದು ಬೆಂಕಿಯಲ್ಲಿಲ್ಲ, ನಮ್ಮ ಮನಸ್ಸಿನಲ್ಲಿದೆ ಎಂದು ಅವಳಿಗೆ ಅರ್ಥ ಮಾಡಿಸುತ್ತಿದ್ದೆ. ಅವಳು ಎಲ್ಲ ಕೇಳಿಸಿಕೊಂಡು, "ಮಾತು ಉರಿಯಂಗಿಲ್ಲ ತಮ್ಮಾ. ಎದ್ದು ಏನಾರ ತಗಂಬಾ" ಎಂದಳು. ನನಗೆ ಅವಮಾನವಾಯಿತು. ಒಳಗೆ ಹೋದೆ. ಕರೆಂಟು ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲಿದ್ದ ನನ್ನ ನೋಟ್ಸಿನ ಕಟ್ಟನ್ನು, ಎರಡು ವರ್ಷದ ವಿದ್ಯೆಯನ್ನು, ತಂದು ಬೆಂಕಿಗೆ ಹಾಕಿಬಿಟ್ಟೆ. ಹಾಕಿ, ಕಣ್ಣು ಮುಚ್ಚಿ, "ತಗೋ ದೊಡ್ಡವ್ವ, ಇದಕ್ಕಿಂತ ಒಣಗಿದ ಸೌದೆ ನನ್ನ ಹತ್ತಿರ ಇಲ್ಲ" ಎಂದೆ.

ಇಲ್ಲಿ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಪರೀಕ್ಷೆಯಲ್ಲಿ ನನಗೆ ಎರಡನೆಯ ದರ್ಜೆ ಬಂದದ್ದಕ್ಕೂ ಇದರಿಂದ ಒಂದು ಘನವಾದ ಕಾರಣ ಸಿಗುತ್ತದೆ.

ಚಪ್ಪಾಳೆ ತಟ್ಟದೆ ಇರುವವಳು ನನ್ನ ಹೆಂಡತಿ ಶಾರದೆ. "ಹಳೇ ಬಸ್ ಟಿಕೆಟ್ಟು ಬಿಸಾಕದೋರು ನೀವು. ನೋಟ್ಸ್ ಸುಟ್ರಂತೆ, ನೋಟ್ಸು!" ಎನ್ನುತ್ತಾಳೆ. ಅವಳ ತವರು ನ್ಯಾಮತಿ. ನಮ್ಮ ಮಾವನವರು ದೊಡ್ಡಪ್ಪನಿಗೆ ದೂರದ ಸಂಬಂಧ, ಅವರದೂ ಇಂಥದೇ ಒಂದು ಹಳೆಯ ಕಥೆಯಿದೆ. ಹಬ್ಬಕ್ಕೆ ಹೋದಾಗೆಲ್ಲ ಹೋಳಿಗೆಯ ಜೊತೆ ಅದನ್ನೂ ಬಡಿಸುತ್ತಾರೆ: "ಗಿರಿಜನ ಮದುವೆಗೆ ನಮ್ಮನ್ನ ಕರೀಲಿಲ್ಲಲ್ರೀ ನಿಮ್ಮೋರು. ಹೊನ್ನಾಳಿ, ನ್ಯಾಮತಿ, ಸೂರಗೊಂಡನಕೊಪ್ಪದ ಕಡಿ, ಒಬ್ಬರ ಮನಿಗೂ ಪತ್ರಿಕೆ ಬರಲಿಲ್ಲ. ಇರ್ಲಿ ಬಿಡ್ರಿ. ತುಪ್ಪ ಹಾಕ್ಕಳ್ರಿ." ಮೂವತ್ತು ವರ್ಷದಿಂದ ನಾನು ಆ ತುಪ್ಪವನ್ನು ತಲೆ ತಗ್ಗಿಸಿ ಹಾಕಿಸಿಕೊಳ್ಳುತ್ತಿದ್ದೇನೆ. ಮಾಡದ ತಪ್ಪಿಗೆ ತಲೆ ತಗ್ಗಿಸುವುದರಲ್ಲೂ ಒಂದು ಸುಖವಿದೆ, ದೊಡ್ಡ ಮನುಷ್ಯನಾದ ಹಾಗೆ ಅನಿಸುತ್ತದೆ.

ಮಾರ್ಚಿಗೆ ನನ್ನ ನಿವೃತ್ತಿ. ಬೀಳ್ಕೊಡುಗೆಯ ದಿನ ನೋಟ್ಸಿನ ಕಥೆಯನ್ನೇ ಹೇಳಬೇಕೆಂದು ಹುಡುಗರು ಹಟ ಹಿಡಿದಿದ್ದಾರೆ. ಶಾರದೆ ಮುಂದಿನ ಸಾಲಿನಲ್ಲಿ ಕೂತು ಹುಬ್ಬು ಏರಿಸುತ್ತಾಳೆ. ಮೊದಲಾದರೆ ನಾನು ಹೆದರುತ್ತಿರಲಿಲ್ಲ. ಈಗೀಗ ನನಗೇ ಅನುಮಾನ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವನ ನೆನಪನ್ನು ಎಷ್ಟು ನಂಬುವುದು? ಅಂದು ಅಲ್ಲಿದ್ದದ್ದು ದೊಡ್ಡವ್ವ ಒಬ್ಬಳೇ. ಅವಳನ್ನು ಕರೆಸಿ ಶಾರದೆಯ ಎದುರಿಗೇ ಸಾಕ್ಷಿ ಹೇಳಿಸಿಬಿಟ್ಟರೆ? ಎಂಬತ್ತು ದಾಟಿದವಳಿಗೆ ಸುಮ್ಮನೆ ಕೇಳಿದರೆ ನೆನಪಾಗಲಿಕ್ಕಿಲ್ಲ. ಅಂಥದೇ ಹಿತ್ತಲು, ಅಂಥದೇ ಬೆಂಡು, ಅಂಥದೇ ಬೆಂಕಿ ಇರಬೇಕು. ಆ ಬೆಳಗ್ಗೆ ತಂದ ಹಾಲು ಉಕ್ಕುವುದರೊಳಗೆ ಯೋಜನೆ ಸಿದ್ಧವಾಯಿತು. ಹಾಲೂ ಉಕ್ಕಿತು.

ಹಿತ್ತಲು ನಮ್ಮಲ್ಲೂ ಇದೆ, ಬಾಡಿಗೆ ಮನೆಯದು. ನೆಲದಲ್ಲಿ ಗುಂಡಿ ತೋಡುವ ಹಾಗಿಲ್ಲ, ಓನರ್ ಹಾಸಿದ ಕಡಪ ಕಲ್ಲಿಗೆ ಮಸಿ ಹತ್ತುವ ಹಾಗಿಲ್ಲ. ಅಂದರೆ ಎತ್ತಿಡುವಂಥದೇ ಬೇಕು. ಮೊಬೈಲಿನಲ್ಲಿ ನೋಡಿದೆ. ಅಬ್ಬಾ, ಏನು ತರಾವರಿ! ಮಡಚುವಂಥದು, ಜಾಲರಿ ಮುಚ್ಚಳದ್ದು, ಹೊಗೆಯೇ ಬರುವುದಿಲ್ಲ ಎಂದು ಆಣೆ ಮಾಡುವಂಥದು. ಪ್ರತಿಯೊಂದರ ಸುತ್ತ ಸ್ವೆಟರ್ ಹಾಕಿದ ಬಿಳಿಯ ಜನ ನಗುತ್ತ ಕೂತಿದ್ದರು. ಒಬ್ಬರ ಕೈಯಲ್ಲೂ ಒಂದು ಕಡ್ಡಿ ಇರಲಿಲ್ಲ. ಬರಿಗೈಲಿ ಬಂದವರು! ಆದರೂ ಚಪಲಕ್ಕೆ ಮಡಚುವಂಥದನ್ನು ತರಿಸಿದೆ. ಬಂದದ್ದು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಕಾಲುಗಳು ಹೆಬ್ಬೆರಳಿನಷ್ಟು. "ಇದರಾಗೆ ಒಂದು ಹಪ್ಪಳ ಸುಡಬಹುದು, ಎರಡು ಆಗಂಗಿಲ್ಲ" ಎಂದಳು ಶಾರದೆ. ಅದನ್ನು ವಾಪಸು ಕಳಿಸಿ ವೆಲ್ಡಿಂಗ್ ಮಾಡುವ ದಸ್ತಗೀರ್ ಸಾಬರ ಅಂಗಡಿಗೆ ಹೋದೆ.

ಸಾಬರು ನನ್ನ ವಿವರಣೆಯನ್ನು ಅರ್ಧಕ್ಕೇ ನಿಲ್ಲಿಸಿ ಮೂಲೆಯಿಂದ ಒಂದು ವಾಷಿಂಗ್ ಮಷೀನಿನ ಡ್ರಮ್ಮು ಉರುಳಿಸಿಕೊಂಡು ಬಂದರು. ಮೈಯೆಲ್ಲ ತೂತು, ಒಳಗೆ ಕನ್ನಡಿಯ ಹಾಗೆ ಹೊಳಪು.

"ಇದೇ ನೋಡ್ರಿ ಸಾರ್. ಗಾಳಿ ಎಲ್ಲಾ ಕಡೀಂದ ಬರ್ತೈತೆ, ತುಕ್ಕು ಹಿಡಿಯಂಗಿಲ್ಲ. ಕೆಳಗೆ ಮೂರು ಕಾಲು ಕೂಡಿಸ್ತೀನಿ, ಮೊಳದುದ್ದ. ಕಲ್ಲು ಬಿಸಿ ಆಗಬಾರದಲ್ಲ? ಬೂದಿ ಬೀಳಾಕೆ ಒಂದು ತಟ್ಟೆ. ಎರಡು ಕಡಿ ಹಿಡಿ, ಹಿಡಿಗೆ ಕಟ್ಟಿಗೆ."

"ನಾಲ್ಕು ಕಾಲು ಇಡಿ ಸಾಬ್ರೆ, ಗಟ್ಟಿ ಇರುತ್ತೆ."

"ನಾಲ್ಕಿಟ್ರೆ ಒಂದು ಗಾಳ್ಯಾಗೆ ಇರ್ತೈತೆ. ಹಿತ್ತಲ ಏನು ಕೇರಂ ಬೋರ್ಡೇನ್ರೀ? ಮೂರು ಹೆಂಗಿದ್ರೂ ನಿಲ್ತಾವೆ."

ನನ್ನೊಳಗೆ ಒಂದು ದೀಪ ಹತ್ತಿತು. ಹಾಗಾದರೆ ದೊಡ್ಡವ್ವನ ಕಲ್ಲೂ ಮೂರೇ! ನೆನಪಿನ ಒಂದು ಕಾಲಾದರೂ ಗಟ್ಟಿಯಾಯಿತು. ಆ ಖುಷಿಗೆ ಸಾಬರ ಜೊತೆ ಎರಡು ಸಲ ಚಹ ಕುಡಿದೆ. ಹೊರಡುವಾಗ ಅವರು ಬೆರಳು ಮಡಚಿ ಹೇಳಿದರು: "ಬೂದಿ ತಟ್ಟೆಗೆ ಒಂದು ಬೊಗಸೆ ಮರಳು ಹಾಕ್ರಿ. ಬಟ್ಟೆ ಒಣಗಾಕೋ ಹಗ್ಗದ ಕೆಳಗೆ ಇಡಬ್ಯಾಡ್ರಿ. ಹಸಿ ಸೌದಿ ಬ್ಯಾಡ. ಪಕ್ಕದಾಗೆ ಒಂದು ಬಕೀಟು ನೀರು. ಸೀಮೆಎಣ್ಣೆ ಅಂತೂ ಹುಯ್ಯಲೇಬ್ಯಾಡ್ರಿ, ನಿಮ್ಮ ಹುಬ್ಬು ಚಲೋ ಅದಾವೆ."

ದೊಡ್ಡವ್ವನಿಗೆ ಫೋನು ಮಾಡಿ, ಬೆಂಕಿ ಹಾಕುತ್ತೇವೆ, ಬಾ ಎಂದೆ. ಗಿರಿಜಕ್ಕ ಅವಳನ್ನು ಬಸ್ಸಿನಲ್ಲಿ ಕರೆತಂದು, ಇಳಿಸಿ, ತನ್ನ ಮಗಳ ಮನೆಗೆ ಹೋದಳು. ಮಾರನೆಯ ಬೆಳಗ್ಗೆ ಆರಕ್ಕೇ ಎದ್ದು ತಟ್ಟೆಗೆ ಮರಳು ಹಾಕಿ, ಡ್ರಮ್ಮಿನಲ್ಲಿ ಬೆಂಡು ಜೋಡಿಸಿ, ಹಚ್ಚಿದೆ. ನೂರಾರು ತೂತುಗಳಲ್ಲಿ ಬೆಂಕಿ ಇಣುಕಿ ಹಿತ್ತಲ ಗೋಡೆಯ ಮೇಲೆಲ್ಲ ಚುಕ್ಕಿ ಕುಣಿದವು. ಶಾರದೆ ಒಲೆಯ ಸೌದೆ ಒಂದನ್ನು ಹಿಡಿದು ಬಂದಳು, "ನಾನು ಕಾನೂನು ಪಾಲಿಸ್ತೀನಪ್ಪ" ಎಂದು. ಗಾಳಿ ತಿರುಗಿತು, ನಾವಿಬ್ಬರೂ ಒಂದೊಂದು ಹಿಡಿ ಹಿಡಿದು, ಕುಣಿಯುವ ಬೆಂಕಿಯನ್ನು ಪಲ್ಲಕ್ಕಿಯ ಹಾಗೆ ಎತ್ತಿ ಆ ಕಡೆ ಇಟ್ಟೆವು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ದಿಕ್ಕಿಗೆ ನಡೆದದ್ದು ಇದೇ ಮೊದಲಿರಬೇಕು.

ಆಗ ದೊಡ್ಡವ್ವ ಬಂದಳು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಡ್ರಮ್ಮಿನ ಸುತ್ತ ಒಂದು ಸುತ್ತು ಬಂದು, "ಬಟ್ಟಿ ಒಗಿಯೋದ್ರಾಗೆ ಬೆಂಕಿ ಹಚ್ಚೀಯಲ್ಲೋ!" ಎಂದು ಬಾಯಿ ತುಂಬ ನಕ್ಕು ಕುರ್ಚಿಯಲ್ಲಿ ಕೂತಳು. ನಾನು ತಡೆಯದೆ ಕೇಳಿಯೇಬಿಟ್ಟೆ. "ದೊಡ್ಡವ್ವ, ಗಿರಿಜಕ್ಕನ ಮದುವೆ ಮುಂಚೆ, ನಾನು ಬೆಂಕಿಗೆ ಒಂದು ಕಟ್ಟು ಹಾಕಿದ್ದೆ, ನೆನಪೈತಾ? ಇವಳಿಗೆ ಹೇಳು."

"ನೆನಪಿಲ್ದೆ ಏನು? ಹಾಕಿ ಕಣ್ಣು ಮುಚ್ಕಂಡು ನಿಂತಿದ್ದಿ."

ನಾನು ಶಾರದೆಯ ಕಡೆ ತಿರುಗಿ ಹುಬ್ಬು ಏರಿಸಿದೆ. ಮೂವತ್ತು ವರ್ಷದಲ್ಲಿ ನನ್ನ ಹುಬ್ಬು ಅಷ್ಟು ಎತ್ತರಕ್ಕೆ ಹೋದದ್ದಿಲ್ಲ.

"ಅದಕ್ಕೇ ತಂದೀನಿ" ಎಂದು ದೊಡ್ಡವ್ವ ಗಂಟನ್ನು ನನ್ನ ಮಡಿಲಿಗೆ ಹಾಕಿದಳು. "ಬೆಂಕಿಗೆ ಬಾ ಅಂದಿ. ಬರಿಗೈಲಿ ಬರಾಕೆ ಆಗ್ತೈತೇನು?"

ಬಿಚ್ಚಿದೆ. ಹಳದಿ ತಿರುಗಿದ ವೃತ್ತಪತ್ರಿಕೆಯ ಹೊದಿಕೆ, ದಾರ. ಒಳಗೆ ನೀಲಿ ಶಾಯಿಯಲ್ಲಿ ನನ್ನದೇ ಕೈಬರಹ. ಎರಡು ವರ್ಷದ ನೋಟ್ಸು, ಒಂದು ಹಾಳೆಯೂ ಸೀಯದೆ, ನನ್ನ ಮಡಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು.

"ಹಾಗಾದ್ರೆ ನಾನು ಸುಟ್ಟಿದ್ದು ಏನು?"

"ಲಗ್ನಪತ್ರಿಕೆ" ಎಂದಳು ದೊಡ್ಡವ್ವ, ಕೈ ಕಾಯಿಸಿಕೊಳ್ಳುತ್ತ. "ಹೊನ್ನಾಳಿ, ನ್ಯಾಮತಿ ಕಡೀವು. ಅವನ್ನೂ ಹಿಂಗೇ ಪೇಪರ್‌ನಾಗೆ ಸುತ್ತಿ ಅದೇ ಕಿಟಕೀಲಿ ಇಟ್ಟಿದ್ವಿ. ಅರಿಶಿನ ಹಚ್ಚಿದ ಮೂಲೆ ಸುರುಳಿ ಸುತ್ಕಂಡಾಗ ಗೊತ್ತಾತು. ಕೈ ಹಾಕಾಕೆ ಹೋದೆ, ಅಷ್ಟೊತ್ತಿಗೆ ಭಗ್ ಅಂತು. ನೀನು ಕಣ್ಣೇ ಬಿಡಲಿಲ್ಲ."

ಶಾರದೆ ಬಾಯಿಗೆ ಸೆರಗು ಇಟ್ಟುಕೊಂಡಳು.

ಇನ್ನು ಆದದ್ದನ್ನು ಕೇಳಿ. ಕಿಟಕಿಯಲ್ಲಿ ಕಟ್ಟು ಇಲ್ಲದ್ದನ್ನು ನೋಡಿ ದೊಡ್ಡಪ್ಪ, ತನ್ನ ತಮ್ಮ ಹೋಗಿ ಹಂಚಿ ಬಂದಿದ್ದಾನೆ ಎಂದುಕೊಂಡ. ತಮ್ಮನೂ ಅದೇ ಖಾಲಿ ಕಿಟಕಿ ನೋಡಿ, ಅಣ್ಣ ಹಂಚಿ ಬಂದಿದ್ದಾನೆ ಎಂದುಕೊಂಡ. ಯಾರ ಮನೆಗೆ ಎಂಬುದು ಪತ್ರಿಕೆಗಳ ಮೇಲೆಯೇ ಬರೆದಿತ್ತು, ಬೇರೆ ಪಟ್ಟಿ ಇರಲಿಲ್ಲ. ದೊಡ್ಡವ್ವನಿಗೆ ಓದಲು ಬರದು, ಸುಟ್ಟದ್ದು ಯಾರ್ಯಾರ ಪತ್ರಿಕೆ ಎಂದು ಗೊತ್ತಿರಲಿಲ್ಲ; ಹೇಳಿದರೆ ದೊಡ್ಡಪ್ಪ ನನ್ನನ್ನು ಬಿಡುವುದಿಲ್ಲವೆಂದು ಬಾಯಿಯನ್ನೂ ಬಿಡಲಿಲ್ಲ. ಮದುವೆಯಲ್ಲಿ ಎರಡು ಪಂಕ್ತಿ ಎಲೆ ಖಾಲಿ ಉಳಿದಾಗಲೇ ಎಲ್ಲರಿಗೂ ತಿಳಿದದ್ದು. ದೊಡ್ಡಪ್ಪ ಉರಿದುಬಿದ್ದ. ದೊಡ್ಡವ್ವ, "ನಾನೇ ಎಲ್ಲೋ ಇಟ್ಟು ಮರೆತೆ" ಎಂದುಬಿಟ್ಟಳು. ನೋಟ್ಸು ಹಿಂದಿರುಗಿಸಿದರೆ ನನ್ನ ಬಾಯಿಂದಲೇ ನಿಜ ಹೊರಬೀಳುತ್ತದೆಂದು ಅವನ್ನು ಆ ಬೆಳಗ್ಗೆಯೇ ಕಾಳು ತುಂಬಿಡುವ ಮಣ್ಣಿನ ವಾಡೆಯಲ್ಲಿ ಹುಗಿದಿಟ್ಟಿದ್ದಳು.

"ನಿಮ್ಮ ದೊಡ್ಡಪ್ಪ ಹೋಗೋ ತನಕ ಹೇಳಬಾರದು ಅಂತಿದ್ದೆ. ಆಮ್ಯಾಕೆ ನೀನು ಕಾಲೇಜ್ನಾಗೆ ಕತೆ ಹೇಳ್ತಿ ಅಂತ ಗಿರಿಜ ಅಂದ್ಲು. ಚಪ್ಪಾಳೆ ತಟ್ತಾರಂತೆ. ಇರ್ಲಿ ಬಿಡು ಅಂದೆ."

ಮದುವೆ ಮುಗಿದ ಮೇಲೆ, ತಪ್ಪು ಒಪ್ಪಿಕೊಳ್ಳಲು ಅವಳು ನ್ಯಾಮತಿಗೆ ಹೋಗಿ ಮನೆಮನೆ ಹತ್ತಿಳಿದಳಂತೆ. ಒಂದು ಮನೆಯಲ್ಲಿ ಮಜ್ಜಿಗೆ ತಂದುಕೊಟ್ಟ ಹುಡುಗಿ ಲಕ್ಷಣವಾಗಿದ್ದಳಂತೆ, ನಮ್ಮ ಹುಡುಗನಿಗೆ ಆಗುತ್ತಾಳೆ ಎಂದು ಆಗಲೇ ಮನಸ್ಸಿನಲ್ಲಿಟ್ಟುಕೊಂಡಳಂತೆ. ಆ ಹುಡುಗಿ ಈಗ ನನ್ನ ಎದುರಿಗೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಳು. ಇಷ್ಟು ಚೊಕ್ಕವಾಗಿ ಕೂಡಿಬರುವ ಕಥೆಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ. ಆದರೆ ಸಾಕ್ಷಿ ಮಡಿಲಲ್ಲೇ ಇತ್ತು.

ಶಾರದೆ ಮೇಲಿನ ಹಾಳೆ ಎತ್ತಿ ಗಟ್ಟಿಯಾಗಿ ಓದಿದಳು: "ನೆನಪನ್ನು ಪ್ರಮಾಣವೆಂದು ಒಪ್ಪಲಾಗದು." ಕೆಳಗೆ ಎರಡು ಗೆರೆ. ಅದರ ಕೆಳಗೆ ಜಗಳೂರಿನ ಬಸ್ಸಿನ ವೇಳೆ. ಆಮೇಲೆ ನಿದ್ದೆ ಬಂದಿರಬೇಕು, ಶಾಯಿಯ ಗೆರೆಯೊಂದು ಹಾಳೆಯ ಅಂಚಿನ ತನಕ ಜಾರಿಹೋಗಿತ್ತು.

ನಾನು ಎದ್ದೆ. ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಡ್ರಮ್ಮಿಗೆ ಹಾಕಿದೆ. ಈ ಸಲ ಕಣ್ಣು ತೆರೆದುಕೊಂಡೇ. ಹಾಳೆಗಳು ಮೊದಲು ಹೊಗೆಯಾಡಿ, ಮೊಂಡು ಹಿಡಿದು, ಕೊನೆಗೆ ಒಂದೊಂದಾಗಿ ಹೊತ್ತಿಕೊಂಡವು. ಮಾರ್ಚಿನಲ್ಲಿ ಕಥೆ ಹೇಳಲು ಅಡ್ಡಿಯಿಲ್ಲ, ಈಗ ಅದು ನಿಜ. ಇಸವಿಯೊಂದನ್ನು ತಿದ್ದಬೇಕು.

ದೊಡ್ಡವ್ವ ನೋಡುತ್ತ ಕೂತಿದ್ದು, "ಲಗ್ನಪತ್ರಿಕೆ ಇದಕ್ಕಿಂತ ಚಂದ ಉರಿದಿದ್ವು" ಎಂದಳು.

ಅಷ್ಟರಲ್ಲಿ ಶಾರದೆ ತವರಿಗೆ ಫೋನು ಹಚ್ಚಿಯಾಗಿತ್ತು. "ಅಪ್ಪಾಜಿ, ಕಳ್ಳ ಸಿಕ್ಕ!" ಎಂದು ಶುರುಮಾಡಿ, ಎತ್ತಾಡುವ ಬೆಂಕಿಯಿಂದ ಲಗ್ನಪತ್ರಿಕೆಯ ತನಕ ಎಲ್ಲವನ್ನೂ ಒಪ್ಪಿಸಿದಳು. ಆಮೇಲೆ ಎಂಬತ್ತೈದರ ಆ ದನಿ ಸ್ಪೀಕರಿನಲ್ಲಿ ಗುಡುಗಿತು: "ಅಳಿಯಂದ್ರೇ, ಹಿಂಗೋ ವಿಷಯ! ಫೋನ್ನಾಗೆ ಒಪ್ಕಂಡ್ರೆ ನಡೆಯಂಗಿಲ್ಲ. ಬಂದು ಕುಂಕುಮ ಇಟ್ಟು ಕರೀರಿ."

"ಯಾತಕ್ಕೆ ಕರೀಲಿ ಮಾವ, ಮದುವೆ ಮುಗಿದೈತಲ್ಲ?"

"ಬೆಂಕಿ ಕಾಯಿಸಾಕೆ ಕರೀರಿ. ಅಲ್ಲೀ ತನಕ ಬರಾಕೆ ನನ್ನ ಮೊಣಕಾಲು ಒಪ್ಪಂಗಿಲ್ಲ. ಅದೇನೋ ಎತ್ತಾಡೋ ಬೆಂಕಿ ಅಂತಲ್ಲ? ಅದನ್ನೇ ಇಲ್ಲಿಗೆ ತಗಂಬರ್ರಿ."

ಹಾಗಾಗಿ ಇದನ್ನು ನಾನು ಹೊನ್ನಾಳಿಯಲ್ಲಿ, ನ್ಯಾಮತಿಗೆ ಹೋಗುವ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಮುಂದಿನ ಸೀಟಿನಲ್ಲಿ ದೊಡ್ಡವ್ವ ಮತ್ತು ಶಾರದೆ ಇನ್ನೂ ನಗುತ್ತಿದ್ದಾರೆ. ನನ್ನ ಜೇಬಿನಲ್ಲಿ ಕುಂಕುಮದ ಪೊಟ್ಟಣ, ಕೈಚೀಲದಲ್ಲಿ ಬೆಂಡು, ಕಾಲುಗಳ ನಡುವೆ ಡ್ರಮ್ಮು. ಕಂಡಕ್ಟರು ಬಂದು, ಅದರ ಮೂರು ಕಾಲು, ನೂರಾರು ತೂತು, ಎರಡು ಹಿಡಿಗಳನ್ನು ಒಂದೊಂದಾಗಿ ನೋಡಿ, "ಏನ್ರೀ ಯಜಮಾನ್ರೆ ಇದು?" ಎಂದರು.

"ಲಗ್ನಪತ್ರಿಕೆ ರೀ" ಎಂದೆ. "ಕೊಡೋದು ಸ್ವಲ್ಪ ತಡವಾಗೈತೆ."