ಮನೆಯವರಲ್ಲೊಬ್ಬಳಾದ ಮರ್ಲೀನ್

ಬ್ರೂಕ್ಲಿನ್ನಿನ ವಿಟ್‌ಲಾಕ್ ಮನೆಯಲ್ಲಿ ಮರ್ಲೀನ್ ಒಲಿವಿಯೆರ್ ಕೆಲಸದಾಕೆ ಆಗಿರಲಿಲ್ಲ. ಹಾಗೆಂದರೆ ಮನೆಯೊಡತಿ ಪ್ರಿಸಿಲ್ಲಾ ಕಿವಿ ಮುಚ್ಚಿಕೊಳ್ಳುತ್ತಿದ್ದಳು. "ನೀನು ನಮ್ಮ ಮನೆಯವಳೇ ಕಣೆ" ಎನ್ನುತ್ತಿದ್ದಳು. ಸೇಂಟ್ ವಿನ್ಸೆಂಟ್ ದ್ವೀಪದಿಂದ ಬಂದ ಮರ್ಲೀನ್ ಹನ್ನೊಂದು ವರ್ಷಗಳಿಂದ ಮನೆಯವಳಾಗಿದ್ದಳು. ಪ್ರಿಸಿಲ್ಲಾಳ ತಂದೆ, ಎಂಬತ್ತೆಂಟರ ನಿವೃತ್ತ ನ್ಯಾಯಾಧೀಶರನ್ನು ಎಬ್ಬಿಸಿ, ಮೀಯಿಸಿ, ಉಣ್ಣಿಸಿ, ಮಲಗಿಸುವ ಭಾಗ್ಯ ಮನೆಯವರ ಪೈಕಿ ಅವಳೊಬ್ಬಳಿಗೇ ಒಲಿದಿತ್ತು. ಕ್ರಿಸ್‌ಮಸ್ ಊಟದ ದಿನ ಮಾತ್ರ ಕುರ್ಚಿ ಸಾಲದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಉಣ್ಣುತ್ತಿದ್ದಳು.

ಬೆಳಗ್ಗೆ ಹತ್ತಕ್ಕೆ ಪಾರ್ಕು ಇಂಥ ಮನೆಯವರಿಂದಲೇ ತುಂಬುತ್ತಿತ್ತು. ಗಾಡಿಗಳಲ್ಲಿ ಕೂತ ಮುದುಕರು, ಕೂಸುಗಳೆಲ್ಲ ಬಿಳಿಯರು. ನೂಕುವವರೆಲ್ಲ ಕಪ್ಪು ಹೆಂಗಸರು. ಇದು ತಾನಾಗಿಯೇ ಆದ ಏರ್ಪಾಡೆಂದು ಊರಿನ ನಂಬಿಕೆ. ಅವರಲ್ಲೊಬ್ಬಳು, ಗ್ರೆನಡಾ ದ್ವೀಪದ ಡಲ್ಸಿ, ಅಲ್ಲೇ ಬೆಂಚಿನ ಮೇಲೆ ಈ ಹೆಂಗಸರ ಸಂಘ ಕಟ್ಟಿದ್ದಳು. ವಾರಕ್ಕೊಂದು ರಜೆ, ಕಾಗದದ ಮೇಲೊಂದು ಕರಾರು: ಇಷ್ಟನ್ನು ಕೇಳುವ ಮಸೂದೆ ರಾಜ್ಯದ ರಾಜಧಾನಿ ಆಲ್ಬನಿಯ ಶಾಸನಸಭೆಯಲ್ಲಿ ನಾಲ್ಕು ವರ್ಷಗಳಿಂದ ಸುಖನಿದ್ರೆಯಲ್ಲಿತ್ತು.

"ಮಂಗಳವಾರ ಆಲ್ಬನಿಗೆ ಬಸ್ಸು ಹೊರಡುತ್ತೆ. ಬರ್ತೀಯೇನೆ?"

"ರಜೆ ಕೇಳ್ಬೇಕಲ್ಲೇ ಡಲ್ಸಿ."

"ರಜೆ ಬೇಕು ಅಂತ ಹೇಳೋಕೆ ಹೋಗೋದಕ್ಕೂ ರಜೆ ಸಿಗಲ್ಲ ಅಂದ್ರೆ, ಅದನ್ನೇ ಅಲ್ಲಿ ಬಂದು ಹೇಳು."

ಕೇಳಿದ್ದಕ್ಕೆ ಪ್ರಿಸಿಲ್ಲಾ ನಿಜವಾಗಿಯೂ ನೊಂದುಕೊಂಡಳು. "ಅಯ್ಯೋ, ಮಂಗಳವಾರಾನೇ ಆಗ್ಬೇಕಾ? ಅವತ್ತು ಕಾಲೇಜಲ್ಲಿ ನನ್ನ ಭಾಷಣ ಇದೆ. ದುಡಿಯೋ ಹೆಂಗಸರ ಹಕ್ಕಿನ ಬಗ್ಗೆ. ಅದೆಷ್ಟು ಮುಖ್ಯ ಅಂತ ನಿನಗೇ ಗೊತ್ತಲ್ಲ."

ಮರ್ಲೀನ್ ತನ್ನೂರಿನವರು ಸಿಟ್ಟಿಗೆ ಮಾಡುವಂತೆ ಹಲ್ಲುಸಂದಿಯಿಂದ ಚ್ಚ್ ಎಂದಳು. ಮಾತೆಲ್ಲ ಕೇಳಿಸಿಕೊಂಡಿದ್ದ ಮುದುಕ ನ್ಯಾಯಾಧೀಶರು ಪ್ರಿಸಿಲ್ಲಾ ಹೋದಮೇಲೆ ಕರೆದರು.

"ನನ್ನನ್ನೂ ಕರ್ಕೊಂಡು ಹೋಗು. ಗಾಳಿಗೆ ಸುತ್ತಾಡಿಸು ಅಂತ ಡಾಕ್ಟರು ಹೇಳಿಲ್ವಾ?"

"ಅವರು ಹೇಳಿದ್ದು ಪಾರ್ಕಿಗೆ ಸಾರ್. ನೂರೈವತ್ತು ಮೈಲಿಗಲ್ಲ."

"ಇಷ್ಟೇ ದೂರ ಅಂತ ಬರೆದಿದಾನಾ? ಬರೆದಿಲ್ಲ ಅಂದ್ಮೇಲೆ ತಡೆ ಇಲ್ಲ."

ನಲವತ್ತು ವರ್ಷ ತೀರ್ಪು ಕೊಟ್ಟವರು. ಇದರ ಮೇಲೆ ಮೇಲ್ಮನವಿ ಎಲ್ಲಿಗೆ?

ಆಲ್ಬನಿಯಲ್ಲಿ ಮಸೂದೆ ಮಲಗಿದ್ದ ಸಮಿತಿಯ ಸೆನೆಟರಿಗೆ ಬಿಡುವಿರಲಿಲ್ಲ. ನಲವತ್ತು ಹೆಂಗಸರು ಒಂಬತ್ತರಿಂದ ಪಡಸಾಲೆಯಲ್ಲಿ ನಿಂತು ಕಾಲು ನೋಯಿಸಿಕೊಂಡರು. ಗಾಲಿಕುರ್ಚಿಯಲ್ಲಿ ಮಾಜಿ ನ್ಯಾಯಾಧೀಶರು ಕಂಡದ್ದೇ ತಡ, ಬಿಡುವು ಎಲ್ಲಿಂದಲೋ ಓಡಿ ಬಂತು.

"ಓಹೋ, ತಾವು! ನನ್ನಿಂದ ಏನಾಗ್ಬೇಕು ಸಾರ್?"

"ನಾನು ಇವಳ ಜೊತೆ ಬಂದೋನು. ಇವಳು ಹೇಳೋದು ಕೇಳಪ್ಪಾ. ಎರಡು ಗಂಟೆಗೆ ನನ್ನ ಮಾತ್ರೆ ಇದೆ, ಅಷ್ಟರಲ್ಲಿ ಮುಗಿಸು."

ಡಲ್ಸಿ ಬರೆದುಕೊಟ್ಟ ಭಾಷಣ ಮರ್ಲೀನಳಿಗೆ ಪೂರ್ತಿ ಮರೆತುಹೋಯಿತು. "ಸಾರ್, ಮೂರು ವರ್ಷದ ಹಿಂದೆ ನಮ್ಮಮ್ಮ ತೀರಿಕೊಂಡ್ಲು. ಮಣ್ಣಿಗೆ ಹೋಗೋಕೆ ರಜೆ ಸಿಗಲಿಲ್ಲ. ನಾವು ಇಲ್ಲಿ ಮನೆಯವರಲ್ವಾ? ಹೊರಗಿನೋರ ಸಾವಿಗೆಲ್ಲ ಯಾರು ಕಳಿಸ್ತಾರೆ?"

ಮುದುಕರು ಕತ್ತು ತಿರುಗಿಸಿ ನೋಡಿದರು. "ನನಗೆ ಹೇಳ್ಲೇ ಇಲ್ವಲ್ಲ."

"ಅವತ್ತು ನಿಮಗೆ ಜ್ವರ ಇತ್ತು ಸಾರ್."



ಮರುದಿನ ಪತ್ರಿಕೆಯಲ್ಲಿ ಸೆನೆಟರ ಮುಂದೆ ಮರ್ಲೀನ್, ಪಕ್ಕದಲ್ಲಿ ಮುದುಕರು ಇದ್ದ ಫೋಟೋ ಬಂತು. ಅದರ ಹಿಂದೆಯೇ ಪ್ರಿಸಿಲ್ಲಾಳ ಚೀಟಿಯೂ ಬಂತು. "ನೀನು ಎಂದೆಂದಿಗೂ ನಮ್ಮ ಮನೆಯವಳೇ. ಬೀಗದ ಕೈ ಮೇಜಿನ ಮೇಲಿಟ್ಟು ಹೋಗು."

ಮೂರು ವಾರದಲ್ಲಿ ನಾಲ್ವರು ಹೊಸಬರು ಬಂದರು. ನಾಲ್ವರೂ ಡಲ್ಸಿಯ ಸಂಘದವರು. ನಾಲ್ವರೂ ಮೊದಲು ಕರಾರು ಕೇಳಿದರು, ಸಿಗದೆ ಹೊರಟುಹೋದರು. ಅಷ್ಟರಲ್ಲಿ ಮುದುಕರು ಮರ್ಲೀನ್ ಬರುವವರೆಗೆ ಗಂಜಿ ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದರು. ದುಡಿಯುವ ಹೆಂಗಸರ ಹಕ್ಕು ಎಂಥದೆಂದು ಪ್ರಿಸಿಲ್ಲಾಳಿಗೆ ಆಗ ಭಾಷಣದಾಚೆಗೂ ಹೊಳೆಯಿತು. ಮತ್ತೆ ಕರೆಸಿದಾಗ ಮರ್ಲೀನ್ ತಂದ ಕರಾರನ್ನು ಮುದುಕರು ಸಾಲುಸಾಲಾಗಿ ಓದಿ, ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು: ಸಾವಿಗೆ ಹತ್ತು ದಿನ ರಜೆ. ಮಗಳು ಸಹಿ ಹಾಕಿದಳು.

ಮಸೂದೆ ಎರಡು ವರ್ಷದ ಮೇಲೆ ಅರ್ಧ ಕತ್ತರಿಸಿಕೊಂಡು ಪಾಸಾಯಿತು. ಅದು ಮೊದಲಿನಿಂದಲೂ ತನ್ನದೇ ಕನಸೆಂದು ಸೆನೆಟರು ಕಣ್ಣೊರೆಸಿಕೊಂಡರು. ಮುದುಕರು ತೀರಿಕೊಳ್ಳುವವರೆಗೂ ಮರ್ಲೀನ್ ಆ ಮನೆಯಲ್ಲಿ ದುಡಿದಳು. ಡಲ್ಸಿಗೆ ಮೊಣಕಾಲು ಹಿಡಿದಮೇಲೆ, ಉಳಿದರ್ಧ ಕೇಳಲು ಹೊರಡುವ ಆಲ್ಬನಿ ಬಸ್ಸಿನ ಪಟ್ಟಿ ಬರೆಯುವವಳು ಇವಳೇ. ಕಡೆಯ ಗಳಿಗೆಯಲ್ಲಿ ಬರಲಾಗದೆಂದವರಿಗೆ ಅವಳ ಬಾಯಿಂದ ಬೀಳುವ ಬೈಗುಳ ಮಾತ್ರ ಯಾವ ಕರಾರಿನಲ್ಲೂ ಇಲ್ಲ.