ಫ್ಯಾನ್ ತಿರುಗುತ್ತಿದೆ

ಆ ಆಯುಧಪೂಜೆಯ ದಿನ ಸಿದ್ದರಾಜು ನನಗೆ ಹೇಳಿದ್ದನೋ ಇಲ್ಲವೋ, ಖಚಿತವಿಲ್ಲ. ಹೇಳಿದ್ದ ಎನ್ನುತ್ತದೆ ನೆನಪು. ಆದರೆ ಈ ಕಾಯಿಲೆ ಬಂದ ಮೇಲೆ ನಾನು ನನ್ನ ನೆನಪನ್ನು ನಂಬುವುದಿಲ್ಲ.

ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಪೇಂಟ್ ಶಾಪಿನ ಸೂಪರ್‌ವೈಸರ್. ಓದಿದ್ದು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮರಳವಾಡಿಯ ಸಿದ್ದರಾಜು ನನ್ನ ಕೈಕೆಳಗಿನ ಸ್ಪ್ರೇ ಪೇಂಟರ್. ಥಿನ್ನರ್ ವಾಸನೆಗೆ ಮದ್ದೆಂದು ಕಂಪನಿ ದಿನಾ ಹತ್ತು ಗಂಟೆಗೆ ಎಲ್ಲರಿಗೂ ಒಂದೊಂದು ಚೂರು ಬೆಲ್ಲ ಹಂಚುತ್ತಿತ್ತು. ಅದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನೂ ತಿಂದೆ.

ಮೊದಲು ಬೆರಳ ತುದಿ ಜೋಮು ಹಿಡಿಯಿತು. ಆಮೇಲೆ ಅಂಗಿಯ ಗುಂಡಿ ಹಾಕಲಾಗಲಿಲ್ಲ. ಒಂದು ಸಂಜೆ ಮನೆಗೆ ಬಂದು ಹೆಂಡತಿಯ ಹೆಸರಿಗೆ ತಡಕಾಡಿದೆ.

ಸುಧಾ. ಎರಡೇ ಅಕ್ಷರ.

ಕೈ ನಡುಗುವುದನ್ನು ಕಂಡ ಎಚ್.ಆರ್.ನವರು ಅದನ್ನು ಒತ್ತಡ ಎಂದರು. ಒತ್ತಡ ನಿಭಾಯಿಸಲು ಕಲಿಸುವವರೊಬ್ಬರನ್ನು ಕರೆಸಿ, ನಮ್ಮನ್ನೆಲ್ಲ ಪೇಂಟ್ ಶಾಪಿನೊಳಗೇ ಸಾಲಾಗಿ ನಿಲ್ಲಿಸಿದರು. ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದರು ಅವರು.

"ಒಸಿ ಚೆನ್ನಾಗೇ ಎಳ್ಕೊಳ್ಳಿ ಸಾ, ಇದ್ಕೆ ಸಂಬ್ಳ ಹಿಡಿಯಾಕಿಲ್ಲ," ಎಂದ ಪಕ್ಕದಲ್ಲಿದ್ದ ಸಿದ್ದರಾಜು.

ಎಳೆದುಕೊಂಡೆವು.

ನ್ಯೂರಾಲಜಿಸ್ಟ್ ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿಸಿ, ರಿಪೋರ್ಟ್ ನೋಡಿ ಕೇಳಿದರು: "ಒಳಗೆ ಎಕ್ಸಾಸ್ಟ್ ಫ್ಯಾನ್ ಇಲ್ವಾ?"

"ಇದೆ ಡಾಕ್ಟ್ರೇ. ದಿನಾ ನಾನೇ ನೋಡಿ ಸೈನ್ ಹಾಕ್ತೀನಿ."

"ಹಾಗಿದ್ರೆ ಇಷ್ಟೊಂದು ಡ್ಯಾಮೇಜ್ ಆಗಬಾರ್ದಿತ್ತು."

ರಿಜಿಸ್ಟರಿನಲ್ಲಿ ಇದ್ದದ್ದು ಒಂದೇ ಕಾಲಂ: ಫ್ಯಾನ್ ತಿರುಗುತ್ತಿದೆ. ತಿರುಗುತ್ತಿತ್ತು. ಟಿಕ್ ಹಾಕುತ್ತಿದ್ದೆ.

ರಜೆಯಲ್ಲಿ ಮಲಗಿದ್ದಾಗ ಆ ಪೂಜೆಯ ದಿನ ಕಣ್ಣಿಗೆ ಬಂತು. ಫ್ಯಾನಿಗೂ ಕುಂಕುಮ, ಹೂವು. ಎದುರಿಗೆ ಊದಿನಕಡ್ಡಿ ಸಿಕ್ಕಿಸಿ, ಶಾಸ್ತ್ರಕ್ಕೆಂದು ಸ್ವಿಚ್ ಹಾಕಿದರು. ಹೊಗೆ ಹೊರಗೆ ಹೋಗದೆ ನಮ್ಮ ಮೇಲೇ ಬಂತು. "ದೇವ್ರಿಗೂ ನಮ್ ಹೊಗೆ ಬ್ಯಾಡ್ವಂತೆ ಸಾ, ವಾಪಸ್ ಕಳಿಸ್ಬುಟ್ಟ," ಎಂದ ಸಿದ್ದರಾಜು. ಎಲ್ಲರೂ ನಕ್ಕರು. ನಾನೂ ನಕ್ಕೆನೇ? ಇದು ನಿಜವಾಗಿ ನಡೆದಿದ್ದರೆ, ಗೊತ್ತಿದ್ದೂ ಮುಂದೆ ಅಷ್ಟು ದಿನ ಸಹಿ ಹಾಕಿದವನು ನಾನು. ನನ್ನ ನರಗಳಿಗೆ ಮಾತ್ರವಲ್ಲ, ಅವನ ನರಗಳಿಗೂ.

ಫೋನ್ ಮಾಡಿ ಕೇಳಿದೆ.

"ನಂಗೂ ಈಗೀಗ ಏನೂ ಗ್ಯಾಪ್ಕ ನಿಲ್ಲಾಕಿಲ್ಲ ಸಾ. ಅಂದಿದ್ರೂ ಅಂದಿರ್ತೀನಿ," ಎಂದ. "ಅಂದಿದ್ರೆ ನೀವೇನ್ ಮಾಡ್ಬುಡ್ತಿದ್ರಿ?"



ಈಗ ಗುಂಡಿ ಹಾಕಿಕೊಳ್ಳುತ್ತೇನೆ. ಕೊರಳಿನದೊಂದನ್ನು ಸುಧಾ ಹಾಕುತ್ತಾಳೆ. ಅಷ್ಟಾದರೂ ಮರಳಿತಲ್ಲ ಎನ್ನುತ್ತಾಳೆ. ಹೌದು, ಅಷ್ಟಾದರೂ.

ರಾಜೀನಾಮೆ ಕೊಡಲು ಹೋದ ದಿನ, ಊಟದ ಹೊತ್ತು, ಪೇಂಟ್ ಶಾಪ್ ಖಾಲಿಯಿತ್ತು. ಫ್ಯಾನಿನ ಸ್ವಿಚ್ ಹಾಕಿ ಜಾಲರಿಯ ಮುಂದೆ ಕರವಸ್ತ್ರ ಹಿಡಿದೆ. ಗಾಳಿಯನ್ನು ಹೊರಗೆಳೆಯುವ ಫ್ಯಾನಾದರೆ ಬಟ್ಟೆ ಜಾಲರಿಗೆ ಅಂಟಿಕೊಳ್ಳಬೇಕು.

ಅದು ಹಾರಿ ನನ್ನ ಮುಖಕ್ಕೆ ಬಡಿಯಿತು.

ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಮೋಟಾರಿನ ಎರಡು ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿತ್ತು. ಸರಿಮಾಡಲು ಅವನಿಗೆ ಐದು ನಿಮಿಷ ಹಿಡಿಯಿತು. ಮತ್ತೆ ಕರವಸ್ತ್ರ ಹಿಡಿದೆ. ಅಂಟಿಕೊಂಡಿತು.