ಕೆನ್ ಅಂಕಲ್ ಟೀ ಕುಡಿಯುತ್ತಿರಲಿಲ್ಲ

ಬೆಳಗ್ಗೆ ಏಳಕ್ಕೆ ಲೂಯಿಸ್‌ವಿಲ್ ಬಿಟ್ಟೆವು. ಡಾಲಸ್ ಪಕ್ಕದ ನಮ್ಮೂರಿನಿಂದ ಆಸ್ಟಿನ್‌ಗೆ ಇನ್ನೂರಿಪ್ಪತ್ತು ಮೈಲಿ, ಒಂದೇ ಹೈವೇ. ಮಾರ್ಚ್ ಕೊನೆಯ ದಿನಗಳು. ಬಿಸಿಲಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ನಾನು ಸ್ಟಿಯರಿಂಗ್ ಹಿಡಿದಿದ್ದೆ, ಹಿಂದಿನ ಸೀಟಿನಲ್ಲಿ ಫ್ಲಾಸ್ಕು ತಬ್ಬಿಕೊಂಡು ನನ್ನ ಹೆಂಡತಿ ವಿಮಲಾ, ನನ್ನ ಪಕ್ಕದಲ್ಲಿ ನೆರೆಮನೆಯ ಕೆನ್ ಅಂಕಲ್.

ಅಂಕಲ್ ಇಂಗ್ಲೆಂಡಿನವರು, ಟೆಕ್ಸಾಸಿನ ಹೆಣ್ಣನ್ನು ಮದುವೆಯಾಗಿ ಇಲ್ಲೇ ನೆಲೆಸಿದವರು. ವಯಸ್ಸು ಎಪ್ಪತ್ತೈದು, ಮಂಡಿ ಆಪರೇಷನ್ ಆದ ಮೇಲೆ ಡ್ರೈವ್ ಮಾಡುವಂತಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬ್ರಿಟಿಷ್ ಸೈನಿಕರಾಗಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದರು. ಬ್ರಿಟನ್ನಿನಿಂದ ಬಿಡಿಸಿಕೊಂಡು ಐರ್ಲೆಂಡಿನ ಜೊತೆ ಒಂದಾಗಬೇಕೆಂದು ಅಲ್ಲಿನ ರಿಪಬ್ಲಿಕನ್ನರು ಬಂದೂಕು ಎತ್ತಿಕೊಳ್ಳುತ್ತಿದ್ದ ಕಾಲ. ಅಂದು ಎದುರುಬದುರಾಗಿದ್ದವರು ಈಗ ಕೂತು ಮಾತಾಡಲೆಂದು ಆಸ್ಟಿನ್ನಿನ ಒಂದು ಲೈಬ್ರರಿಯಲ್ಲಿ ಮಧ್ಯಾಹ್ನ ಸಭೆ ಇಟ್ಟಿದ್ದರು.

"ನೋಡ್ರೀ, ಮೂರು ವರ್ಷ ಆತು, ನಮ್ಮನಿ ಚಾ ಒಮ್ಮೆನೂ ಕುಡದಿಲ್ಲ ಇವರು," ಎಂದಳು ಧಾರವಾಡದ ನನ್ನ ಹೆಂಡತಿ ಕನ್ನಡದಲ್ಲಿ. "ಹಾಲು ಹಾಕಿ ಕುದಸ್ತೀವಂತ ಹೇಸಿಗಿ ಏನೋ."

"ಇಂಗ್ಲಿಷರಲ್ವೇನೇ! ಬಿಸಿನೀರಿಗೆ ಪೊಟ್ಟಣ ಅದ್ದಿ ಎತ್ತೋ ಜನ. ನಿನ್ನ ಶುಂಠಿ ಕಷಾಯ ಅವರಿಗೆಲ್ಲಿ ಹಿಡಿಸ್ಬೇಕು?"

ವೆಸ್ಟ್ ಎಂಬ ಪುಟ್ಟ ಊರಿನಲ್ಲಿ ನಿಂತೆವು. ಅಲ್ಲಿ ಕೊಲಾಚೆ ಸಿಗುತ್ತದೆ, ನಡುವೆ ಹಣ್ಣಿನ ಪಾಕ ತುಂಬಿದ ಮೆತ್ತನೆ ಬನ್ನು. ನನಗೆ ಶುಗರ್ ಇರುವುದರಿಂದ ಅರ್ಧವೇ ಮಂಜೂರಾಯಿತು. ಚಹಾಕ್ಕೂ ಅಷ್ಟೇ, ಸಕ್ಕರೆ ಬೇರೆ ಡಬ್ಬಿಯಲ್ಲಿ. ವಿಮಲಾ ಕಪ್ಪು ಚಾಚಿದಳು. ಅಂಕಲ್ ಎಂದಿನಂತೆ ಕೈ ಅಡ್ಡ ಹಿಡಿದರು. ಆಮೇಲೆ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಎರಡು ಹಾಳೆ ಬರೆದಿದ್ದೀನಿ. ಹೇಳಲೇಬೇಕಾದ್ದು ಒಂದು ಮಾತ್ರ ಇದರಲ್ಲಿಲ್ಲ. ಐವತ್ತೈದು ವರ್ಷದಿಂದ ಹೆಂಡತಿಗೂ ಹೇಳಲಿಲ್ಲ, ಅವಳು ಹೋಗಿಬಿಟ್ಟಳು. ಇವತ್ತು ಆಗದಿದ್ರೆ ಇನ್ನು ಆಗಲ್ಲ."

"ಹೇಳಿಬಿಡಿ ಅಂಕಲ್," ಎಂದೆ.

"ಆ ಡೆಸ್ಮಂಡ್ ಮುಂದೆ?" ಹೂಸ್ಟನ್ನಿನಿಂದ ಬರಲಿದ್ದ ಡೆಸ್ಮಂಡ್, ಜೈಲು ಕಂಡ ಹಳೆಯ ರಿಪಬ್ಲಿಕನ್. "ಅವನೂ ತನ್ನನ್ನ ಸೋಲ್ಜರ್ ಅಂತಾನೆ!"

ವೇಕೋ ದಾಟಿದ ಮೇಲೆ ರಸ್ತೆಯಂಚಿಗೆಲ್ಲ ಬ್ಲೂಬಾನೆಟ್ ಹೂ, ಯಾರೋ ನೀಲಿ ಸೀರೆ ಒಣಹಾಕಿದಂತೆ. ಅಂಕಲ್ ಅದನ್ನೂ ನೋಡಲಿಲ್ಲ. ಹಾಳೆ ಬಿಚ್ಚುವರು, ಮಡಿಸುವರು.

ಲೈಬ್ರರಿಯ ಕೋಣೆಯಲ್ಲಿ ನಲವತ್ತು ಜನವಿದ್ದರು. ಡೆಸ್ಮಂಡ್ ಸಣ್ಣ ಆಳು, ಕಿವಿಗೆ ಮಷೀನು. "ಮಾಜಿ ಸೈನಿಕರಿಬ್ಬರು" ಎಂದು ಪರಿಚಯಿಸಿದಾಗ ಅಂಕಲ್ ಗಂಟಲು ಕೆರೆದರು. ಡೆಸ್ಮಂಡ್ ತಿರುಗಿ, "ನನಗೆ ಯೂನಿಫಾರ್ಮ್ ಹೊಲಿಸಿಕೊಡೋರು ಇರಲಿಲ್ಲ, ಅಷ್ಟೇ," ಎಂದ. ಜನ ನಕ್ಕರು, ಅಂಕಲ್ ನಗಲಿಲ್ಲ.

ಓದಲು ಶುರುಮಾಡಿದರು. ಅರ್ಧ ಹಾಳೆಗೆ ದನಿ ನಿಂತಿತು. ನನ್ನ ಕೈಮೇಲೆ ವಿಮಲಾಳ ಉಗುರು ಊರಿತು. ಅಂಕಲ್ ಹಾಳೆ ಕೆಳಗಿಟ್ಟರು.

"ಹೋದ ಹೊಸದರಲ್ಲಿ ನಾವು ಕಾವಲಿದ್ದ ಬೀದಿಯ ಹೆಂಗಸರು, ತಮ್ಮನ್ನ ಕಾಪಾಡೋಕೆ ಬಂದವರು ಅಂತ, ನಮಗೆ ಟೀ ಕೊಡ್ತಿದ್ರು. ಒಬ್ಬ ತಾಯಿ ದಿನಾ ಬೆಳಗ್ಗೆ ಬಾಗಿಲಿಗೆ ಕರೆದು ಕೊಡ್ತಿದ್ದಳು. ಮರುವರ್ಷ ಎಲ್ಲಾ ಕೆಟ್ಟುಹೋಯ್ತು. ಬಂದೂಕು ಬಚ್ಚಿಟ್ಟಿದ್ದಾರೆ ಅಂತ ಅದೇ ಮನೆ ಶೋಧಿಸೋಕೆ ಆರ್ಡರ್ ಬಂತು. ನೆಲದ ಹಲಗೆ ಕಿತ್ತೆ. ಮಕ್ಕಳ ಹಾಸಿಗೆ ಸೀಳಿದೆ. ಏನೂ ಸಿಗಲಿಲ್ಲ. ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. 'ಎರಡು ಚಮಚ ಸಕ್ಕರೆ, ಅಲ್ವಾ?' ಅಂದಳು. ಬೈಯಲಿಲ್ಲ. ನಾನು ತಪ್ಪಾಯ್ತು ಅನ್ನಲಿಲ್ಲ, ಹೊರಟುಬಂದೆ. ಆವತ್ತಿಂದ ಟೀ ಗಂಟಲಲ್ಲಿ ಇಳಿದಿಲ್ಲ."

ಡೆಸ್ಮಂಡ್ ತನ್ನ ಹಾಳೆಗಳನ್ನು ಜೇಬಿಗೆ ತುರುಕಿದ.

"ಆ ತಾಯಿ ಪರವಾಗಿ ಕ್ಷಮಿಸೋಕೆ ನಾನ್ಯಾರು? ಮನೆಯವರಿಗೆ ತಿಳಿಸದೆ ಬೇರೆಯವರ ಹಲಗೆ ಕೆಳಗೆ ಬಂದೂಕು ಬಚ್ಚಿಟ್ಟವನು ನಾನು. ನೀವು ಕಿತ್ತಿರೋ ಹಲಗೆಗಳಲ್ಲಿ ನನ್ನ ಪಾಲೂ ಇದೆ. ಇದನ್ನ ನಾನೂ ಬರ್ಕೊಂಡು ಬಂದಿರಲಿಲ್ಲ."

ಇಬ್ಬರೂ ಅಪ್ಪಿಕೊಳ್ಳಲಿಲ್ಲ. ಮೆಟ್ಟಿಲಿಳಿಯುವಾಗ ಮಾತ್ರ ಡೆಸ್ಮಂಡ್ ಮೊಣಕೈ ಕೊಟ್ಟ, ಅಂಕಲ್ ಅದನ್ನು ಹಿಡಿದುಕೊಂಡರು. "ನನ್ನ ಮಂಡಿ ಕೆಡಿಸಿದ ದೇವರು ನಿಮ್ಮ ಕಡೆಯವನು ಅಂತ ಕಾಣುತ್ತೆ," ಎಂದು ಅಂಕಲ್ ಗೊಣಗಿದರು. "ನನ್ನ ಕಿವಿ ಕೆಡಿಸಿದವನು ನಿಮ್ಮ ಕಡೆಯವನು," ಎಂದ ಡೆಸ್ಮಂಡ್.

ಪಾರ್ಕಿಂಗ್‌ನಲ್ಲಿ ಇಳಿಬಿಸಿಲು. ಹೊರಡುವ ಮುಂಚೆ ವಿಮಲಾ ನನಗೂ ತನಗೂ ಒಂದೊಂದು ಕಪ್ಪಿಗೆ ಚಹಾ ಬಗ್ಗಿಸಿದಳು. ಮುಂದಿನ ಸೀಟಿನಿಂದ ಮೂರನೆಯ ಕೈ ಬಂತು. ಅವಳು ಇನ್ನೊಂದು ಕಪ್ಪು ತುಂಬಿಸಿದಳು. ಸಕ್ಕರೆ ಡಬ್ಬಿ ತೆರೆದವಳು ಚಮಚ ಎತ್ತಿದ ಕೈಯಲ್ಲೇ ನಿಂತುಬಿಟ್ಟಳು. ಎಷ್ಟು ಎಂದು ಕೇಳುವ ಧೈರ್ಯ ಬರಲಿಲ್ಲ.

"ಎರಡು," ಎಂದರು ಕೆನ್ ಅಂಕಲ್.

ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಅಮ್ಮಾ, ಇದು ಟೀ ಅಲ್ಲ, ಔಷಧಿ." ಕಪ್ಪನ್ನು ಮಾತ್ರ ಹಿಂದೆ ಕೊಡಲಿಲ್ಲ. ಕಾರು ಆಸ್ಟಿನ್ ದಾಟಿ ಹೈವೇ ಸೇರುವವರೆಗೂ ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಕುಡಿಯುತ್ತಲೇ ಇದ್ದರು.